ಗೋಡೆಯ ಮೇಲೊಂದು ದರಪಟ್ಟಿ ಇರಲಿ

ಬೆಂಗಳೂರಿನ ಬಾರ್‌ಗಳನ್ನು ಹೋಲಿಸುವವರು ಬೆಲೆ, ವಾತಾವರಣ, ಆಸನದ ಲಭ್ಯತೆ ಎಂಬ ಮೂರು ಅಳತೆಗೋಲು ಹಿಡಿಯುತ್ತಾರೆ. ಮೂರೂ ಒಂದೆಡೆ ಕೂಡಿಬರುವುದು ಅಪರೂಪ.

ಮೆಜೆಸ್ಟಿಕ್ ಸುತ್ತಲಿನ ಹಳೆಯ ಬಾರ್‌ಗಳಲ್ಲಿ ಬೆಲೆ ಕೈಗೆಟುಕುತ್ತದೆ, ಮುಂಗಡವಾಗಿ ಮೇಜು ಕಾದಿರಿಸುವ ಗೋಜಿಲ್ಲ. ಆದರೆ ಮಬ್ಬು ಬೆಳಕಿನ ಆ ಕೋಣೆಗಳಿಗೆ ಕಾಲಿಡಲು ಮಹಿಳೆಯರು ಹಿಂಜರಿಯುತ್ತಾರೆ. ರೆಸ್ಟ್‌ಹೌಸ್ ರಸ್ತೆಯಲ್ಲಿ 1989ರಲ್ಲಿ ಆರಂಭವಾದ ಪೆಕೋಸ್, ರಾಕ್ ಸಂಗೀತದ ಬಲದಿಂದ ಒಂದು ತಲೆಮಾರಿನ ತರುಣರ ಅಡ್ಡೆಯಾಯಿತು. 2010ರಲ್ಲಿ ಇಂದಿರಾನಗರದಲ್ಲಿ ತೆರೆದ ಟಾಯ್ಟ್‌ನಂತಹ, ತಾವೇ ಬಿಯರ್ ತಯಾರಿಸುವ ಪಬ್‌ಗಳು ಮಹಿಳೆಯರಿಗೂ ನಿರಾಳವಾಗಿ ಕೂರುವ ಅವಕಾಶ ಕಲ್ಪಿಸಿದವು. ಇದು ಸಣ್ಣ ಬದಲಾವಣೆಯಲ್ಲ. ಆದರೆ ವಾರಾಂತ್ಯದಲ್ಲಿ ಹೊಸ ಪಬ್‌ಗಳ ಮುಂದೆ ಸರತಿ ಸಾಲು. ಕೆಲವೆಡೆ ಪ್ರವೇಶ ಶುಲ್ಕ. ಜೊತೆಯಲ್ಲಿ ಮಹಿಳೆಯರಿಲ್ಲದ ಗಂಡಸರಿಗೆ ಬಾಗಿಲಲ್ಲೇ ನಿರಾಕರಣೆ.

ಚಿಲ್ಲರೆ ಮದ್ಯದಂಗಡಿ ಗರಿಷ್ಠ ಮಾರಾಟ ಬೆಲೆಯನ್ನು ಮೀರುವಂತಿಲ್ಲ. ಬಾರ್‌ಗೆ ಆ ಕಟ್ಟುಪಾಡಿಲ್ಲ. ಅಂದರೆ ಅಲ್ಲಿ ನಾವು ತೆರುವ ಹೆಚ್ಚುವರಿ ಹಣ ವಾತಾವರಣದ ಬಾಡಿಗೆ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆ ಬಾಡಿಗೆ ಬಿಲ್ಲು ಬಂದ ಮೇಲಷ್ಟೇ ತಿಳಿಯುವುದಕ್ಕೆ ಆಕ್ಷೇಪವಿದೆ. ಸೇವಾ ಶುಲ್ಕವನ್ನು ಕಡ್ಡಾಯಗೊಳಿಸುವಂತಿಲ್ಲ ಎಂದು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಹೇಳಿತು. ಹಾಗಿದ್ದರೂ ಬಿಲ್ಲಿನ ತಳದ ಸಾಲುಗಳನ್ನು ಪ್ರಶ್ನಿಸುವ ಧೈರ್ಯ ಎಷ್ಟು ಮಂದಿಗಿದೆ?

ಕಾಫಿ, ಇಡ್ಲಿಯ ದರವನ್ನು ದರ್ಶಿನಿಗಳು ಗೋಡೆಯ ಮೇಲೆ ಬರೆಯುತ್ತವೆ. ಅಲ್ಲಿ ಯಾರ ಜೇಬೂ ಅವಮಾನಕ್ಕೀಡಾಗುವುದಿಲ್ಲ. ಬಾರ್‌ಗಳೂ ತೆರಿಗೆ ಸಹಿತ ದರಪಟ್ಟಿಯನ್ನು ಬಾಗಿಲಲ್ಲೇ ತೂಗುಹಾಕಲಿ. ಕಾದಿರಿಸದೆ ಬರುವವರಿಗೆಂದು ಕೆಲವು ಮೇಜುಗಳನ್ನು ಬಿಡಲಿ. ದುಬಾರಿ ಎನಿಸಿದರೆ ಗ್ರಾಹಕ ಗೌರವದಿಂದಲೇ ಮುಂದೆ ನಡೆದಾನು.