ಬಹುಮಾನದೊಳಗಿನ ಮಾನ

ಆಸ್ಕರ್ ಪ್ರಶಸ್ತಿಗಳ ಸುದ್ದಿ ಬಂದ ದಿನ ನಮ್ಮ ಹಾಸ್ಟೆಲಿನಲ್ಲಿ ಸಾರು ತಣ್ಣಗಾಗುವವರೆಗೂ ಚರ್ಚೆ ನಡೆಯುತ್ತದೆ. ಆ ಚಿನ್ನದ ಪ್ರತಿಮೆ ಕೈಸೇರಿದರೆ ಕಲಾವಿದನ ಜನ್ಮ ಸಾರ್ಥಕವೆಂದು ವಾದಿಸುವವರಲ್ಲಿ ನಾನೂ ಒಬ್ಬನಾಗಿದ್ದೆ. ಅದರ ಚರಿತ್ರೆಯನ್ನು ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ.

ಮೊದಲನೆಯದಾಗಿ, ಆ ಪ್ರತಿಮೆ ಅಪ್ಪಟ ಚಿನ್ನದ್ದಲ್ಲ. ಈಗಿನದು ಕಂಚು, ಮೇಲೆ ಚಿನ್ನದ ಲೇಪ. ಎರಡನೆಯ ಮಹಾಯುದ್ಧದಲ್ಲಿ ಲೋಹಕ್ಕೆ ಅಭಾವವಾದಾಗ ಮೂರು ವರ್ಷ ಬಣ್ಣ ಬಳಿದ ಪ್ಲಾಸ್ಟರಿನ ಗೊಂಬೆಗಳನ್ನೇ ಕೊಟ್ಟರು. 1950ರಿಂದೀಚೆಗೆ ಪಡೆದವರು ಅದನ್ನು ಮಾರಬಯಸಿದರೆ, ಮೊದಲು ಅಕಾಡೆಮಿಗೇ ಒಂದು ಡಾಲರಿಗೆ ಕೊಡಲು ಸಿದ್ಧರಿರಬೇಕೆಂಬ ಕರಾರಿದೆ. 1929ರ ಮೇ 16ರಂದು ಹಾಲಿವುಡ್ಡಿನ ರೂಸ್‌ವೆಲ್ಟ್ ಹೋಟೆಲಿನಲ್ಲಿ ನಡೆದ ಮೊಟ್ಟಮೊದಲ ಪ್ರಶಸ್ತಿ ಪ್ರದಾನ ಸುಮಾರು 15 ನಿಮಿಷಗಳಲ್ಲಿ ಮುಗಿದುಹೋಯಿತು. ಗೆದ್ದವರ ಹೆಸರುಗಳು ಮೂರು ತಿಂಗಳ ಹಿಂದೆಯೇ ಪ್ರಕಟವಾಗಿದ್ದವು. ನಮ್ಮ ವಾರ್ಷಿಕೋತ್ಸವದಲ್ಲಿ ಸ್ವಾಗತ ಭಾಷಣವೊಂದಕ್ಕೇ ಇದಕ್ಕಿಂತ ಹೆಚ್ಚು ಹೊತ್ತು ಬೇಕು!

ಇವೆಲ್ಲ ನಗುವ ಸಂಗತಿಗಳು. ನಗಲಾರದ ಸಂಗತಿಯೊಂದಿದೆ. ‘ಗಾನ್ ವಿತ್ ದಿ ವಿಂಡ್’ ಚಿತ್ರದಲ್ಲಿ ಮನೆಗೆಲಸದವಳ ಪಾತ್ರ ವಹಿಸಿದ ಹ್ಯಾಟಿ ಮೆಕ್‌ಡೇನಿಯಲ್‌ಗೆ 1940ರ ಫೆಬ್ರುವರಿ 29ರಂದು ಶ್ರೇಷ್ಠ ಪೋಷಕ ನಟಿಯ ಪ್ರಶಸ್ತಿ ಬಂತು. ಕಪ್ಪು ಜನಾಂಗದವರಲ್ಲಿ ಆಸ್ಕರ್ ಪಡೆದವರು ಆಕೆಯೇ ಮೊದಲಿಗರು. ಆದರೆ ಸಮಾರಂಭ ನಡೆದ ಲಾಸ್ ಏಂಜಲೀಸಿನ ಅಂಬಾಸಡರ್ ಹೋಟೆಲಿನಲ್ಲಿ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ನಿರ್ಮಾಪಕ ಸೆಲ್ಜ್‌ನಿಕ್ ವಿಶೇಷವಾಗಿ ಕೇಳಿಕೊಂಡ ಮೇಲೆ ಆಕೆಯನ್ನು ಒಳಗೆ ಬಿಟ್ಟರು. ಚಿತ್ರದ ಉಳಿದ ನಟನಟಿಯರು ಒಂದೆಡೆ ಕುಳಿತಿದ್ದರೆ, ಆಕೆಗೆ ಗೋಡೆಯ ಪಕ್ಕದಲ್ಲಿ ಬೇರೆಯೇ ಒಂದು ಸಣ್ಣ ಮೇಜು. 1952ರಲ್ಲಿ ಆಕೆ ತೀರಿಕೊಂಡಾಗ, ಆಕೆ ಬಯಸಿದ್ದ ಹಾಲಿವುಡ್ಡಿನ ಸ್ಮಶಾನದಲ್ಲಿಯೂ ಜಾಗ ದೊರೆಯಲಿಲ್ಲ. ಮತ್ತೊಬ್ಬ ಕಪ್ಪು ನಟಿಗೆ ಆಸ್ಕರ್ ದೊರೆಯಲು 1991 ಬರಬೇಕಾಯಿತು.

‘ಅಂದಿನ ಕಾಲವೇ ಹಾಗಿತ್ತು, ಪ್ರಶಸ್ತಿಯನ್ನಾದರೂ ಕೊಟ್ಟರಲ್ಲ’ ಎಂದು ಗೆಳೆಯನೊಬ್ಬ ವಾದಿಸಿದ. ನಾನು ಒಪ್ಪಲಾರೆ. ಆಕೆಯ ಕಲೆಯನ್ನು ಗುರುತಿಸುವಷ್ಟು ಕಣ್ಣು ಆ ಸಭೆಗೆ ಇತ್ತು. ಒಂದು ಕುರ್ಚಿಯನ್ನು ಪಕ್ಕಕ್ಕೆ ಎಳೆದು ಹಾಕುವಷ್ಟು ಮನಸ್ಸು ಇರಲಿಲ್ಲ. ‘ಬಹುಮಾನ’ವೆಂಬ ಮಾತಿನೊಳಗೇ ‘ಮಾನ’ವಿದೆ. ಅದನ್ನು ಕಳೆದು ಉಳಿದದ್ದನ್ನು ಕೈಗಿತ್ತರೆ ಅದು ಬರಿಯ ಲೋಹ.

ದೂರದ ಹಾಲಿವುಡ್ಡನ್ನು ದೂರುವುದು ಸುಲಭ. ಕಳೆದ ವರ್ಷ ಚರ್ಚಾಸ್ಪರ್ಧೆಯಲ್ಲಿ ನನಗೊಂದು ಕಪ್ಪು ಬಂದಿತು. ಅದನ್ನು ನೋಡಲೆಂದು ನಮ್ಮ ಅಪ್ಪ ಹೊಲದ ಕೆಲಸ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದಿದ್ದರು. ಮುಂದಿನ ಸಾಲುಗಳು ಗಣ್ಯರಿಗೆ, ಹಿಂದಿನವು ವಿದ್ಯಾರ್ಥಿಗಳಿಗೆ. ಅಪ್ಪ ಕೊನೆಯವರೆಗೂ ಬಾಗಿಲ ಬಳಿ ನಿಂತೇ ಇದ್ದರು. ಯಾರೂ ಅವರನ್ನು ತಡೆಯಲಿಲ್ಲ. ಕುಳಿತುಕೊಳ್ಳಿ ಎಂದೂ ಯಾರೂ ಹೇಳಲಿಲ್ಲ. ವೇದಿಕೆಯ ಮೇಲಿಂದ ಕಂಡೂ ಇಳಿದು ಹೋಗಿ ಕುರ್ಚಿ ಹಾಕದ ನಾನು ಅದರಲ್ಲಿ ಮೊದಲಿಗ.

ಆದ್ದರಿಂದ ವಿದ್ಯಾರ್ಥಿ ಸಂಘದ ಮಿತ್ರರಲ್ಲಿಯೂ ಪೂಜ್ಯ ಅಧ್ಯಾಪಕರಲ್ಲಿಯೂ ನನ್ನದೊಂದು ಸಣ್ಣ ಅರಿಕೆ: ಮುಂದಿನ ವಾರ್ಷಿಕೋತ್ಸವದಲ್ಲಿ ಒಂದು ಕಪ್ಪು ಕಡಿಮೆಯಾದರೂ ಚಿಂತೆಯಿಲ್ಲ, ಹಳ್ಳಿಯಿಂದ ಬರುವ ತಂದೆತಾಯಿಯರಿಗಾಗಿ ಎರಡು ಸಾಲು ಕುರ್ಚಿಗಳು ಇರಲಿ.