ಹದ್ದು ನೋಡಲು ಬರುವವರು, ಗೂಡು ಕಾಯುವವರು

ಕಳೆದ ತಿಂಗಳು ನಮ್ಮ ಬಳಗದ ಕಚೇರಿಗೆ ಇಬ್ಬರು ಪದವಿ ವಿದ್ಯಾರ್ಥಿಗಳು ಒಂದು ಕರಪತ್ರ ಹಿಡಿದು ಬಂದಿದ್ದರು. ನಗರದ ಪ್ರವಾಸ ಸಂಸ್ಥೆಯೊಂದು ಅಚ್ಚು ಹಾಕಿಸಿದ ಕರಪತ್ರವದು. ಮಳೆಕಾಡಿನ ಹದ್ದುಗಳನ್ನು ಅರಸುತ್ತ ಮೂರು ಹಗಲು, ಎರಡು ರಾತ್ರಿಗಳ ಪ್ರವಾಸ. ಪರಿಣತ ಮಾರ್ಗದರ್ಶಕರು, ಮಲೆನಾಡಿನ ಊಟ, ಹಂಚಿನ ಮನೆಯಲ್ಲಿ ವಾಸ್ತವ್ಯ. ಕೊನೆಯ ಸಾಲಿನಲ್ಲಿ ದಪ್ಪ ಅಕ್ಷರಗಳಲ್ಲಿ ‘ಗೂಡನ್ನು ತೋರಿಸಲಾಗುವುದು’ ಎಂದಿತ್ತು. ಆ ಗೂಡು ಇರುವುದು ಈ ಹುಡುಗರ ಊರಿನ ಕಾನಿನಲ್ಲಿ. ದಾರಿ ತೋರಿಸಿದರೆ ದಿನಕ್ಕೆ ಇಷ್ಟು ಎಂದು ಅವರೊಡನೆ ಹಣದ ಮಾತೂ ಆಗಿತ್ತು. “ಸರ್, ಒಪ್ಪಿಕೊಳ್ಳಬಹುದೇ?” ಎಂದು ಕೇಳಿದರು. ಕೊಳೆರೋಗದಿಂದ ಅಡಿಕೆ ಉದುರಿದ ವರ್ಷ. ಮನೆಯಲ್ಲಿ ಕಾಲೇಜಿನ ಶುಲ್ಕಕ್ಕೂ ಪರದಾಟ. ಬೇಡವೆಂದು ಒಂದೇ ಮಾತಿನಲ್ಲಿ ಹೇಳಿಬಿಡುವ ಧೈರ್ಯ ನನಗೆ ಬರಲಿಲ್ಲ. ಹಾಗೆ ಹೇಳುವ ಯೋಗ್ಯತೆಯೂ ನನಗಿರಲಿಲ್ಲ. ಇಂತಹುದೇ ಪ್ರವಾಸಕ್ಕೆ ಹಣ ತೆತ್ತು ಹೋಗಿಬಂದವನು ನಾನು. ಆ ಅನುಭವವನ್ನು ಮೊದಲು ಓದುಗರ ಮುಂದಿಟ್ಟು, ಬಳಿಕ ಹುಡುಗರ ಪ್ರಶ್ನೆಗೆ ಬರುತ್ತೇನೆ.

2019ರ ಫೆಬ್ರವರಿಯಲ್ಲಿ ಭತ್ತದ ಬೇಸಾಯಕ್ಕೆ ಸಂಬಂಧಿಸಿದ ತರಬೇತಿಯೊಂದಕ್ಕೆ ಫಿಲಿಪ್ಪೀನ್ಸ್ ದೇಶದ ಲಾಸ್ ಬಾನ್ಯೋಸ್‌ಗೆ ಹೋಗಿದ್ದೆ. 1966ರಲ್ಲಿ ಐಆರ್-8 ತಳಿಯನ್ನು ಬಿಡುಗಡೆ ಮಾಡಿ ಏಷ್ಯಾದ ಗದ್ದೆಗಳ ಚಹರೆಯನ್ನೇ ಬದಲಿಸಿದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇರುವುದು ಅಲ್ಲಿಯೇ. ತರಬೇತಿ ಮುಗಿದ ಮೇಲೆ ಉಳಿದ ಕೆಲವು ದಿನಗಳಲ್ಲಿ ದಕ್ಷಿಣದ ಮಿಂಡನಾವೊ ದ್ವೀಪಕ್ಕೆ ಹೊರಟ ಪಕ್ಷಿವೀಕ್ಷಕರ ತಂಡವೊಂದನ್ನು ಸೇರಿಕೊಂಡೆ. ಎಲ್ಲರ ಗುರಿ ಒಂದೇ ಹಕ್ಕಿ, ಫಿಲಿಪ್ಪೀನ್ ಹದ್ದು. ಮೂರಡಿಗೂ ಮಿಗಿಲಾದ ದೇಹ, ಸುಮಾರು ಎರಡು ಮೀಟರ್ ಅಗಲಕ್ಕೆ ಹರಡುವ ರೆಕ್ಕೆ, ಸಿಂಹದ ಕೇಸರದಂತೆ ಕೆದರಿ ನಿಲ್ಲುವ ತಲೆಯ ಗರಿಗಳು, ನೀಲಿ-ಬೂದು ಕಣ್ಣು. ವಿಜ್ಞಾನಕ್ಕೆ ಇದರ ಪರಿಚಯವಾದದ್ದು 1896ರಲ್ಲಿ. ಮೊದಲು ಸಿಕ್ಕ ಹಕ್ಕಿ ಮಂಗವನ್ನು ತಿನ್ನುತ್ತದೆಂಬ ಸುದ್ದಿಯಿಂದ ‘ಮಂಗ ತಿನ್ನುವ ಹದ್ದು’ ಎಂದೇ ಬಹುಕಾಲ ಕರೆದರು. 1978ರಲ್ಲಿ ಅಲ್ಲಿನ ಸರ್ಕಾರ ಆ ಹೆಸರನ್ನು ಬದಲಿಸಿತು. 1995ರಲ್ಲಿ ರಾಷ್ಟ್ರಪಕ್ಷಿಯೆಂದು ಘೋಷಿಸಿತು. ವಾಸ್ತವದಲ್ಲಿ ಮಿಂಡನಾವೊ ದ್ವೀಪದಲ್ಲಿ ಅದರ ಮುಖ್ಯ ಆಹಾರ ಕಾಗ್ವಾಂಗ್ ಎಂಬ ಪ್ರಾಣಿ. ನಮ್ಮ ಹಾರುಬೆಕ್ಕಿನಂತೆ ಚರ್ಮದ ಪೊರೆ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಪುನುಗುಬೆಕ್ಕು, ಮಂಗಟ್ಟೆ, ಹಾವು, ಮಂಗಗಳೂ ಆಹಾರವೇ.

ನಮ್ಮ ಗಮ್ಯ ಬುಕಿಡ್ನಾನ್ ಪ್ರಾಂತ್ಯದ ಕಿಟಂಗ್ಲಾಡ್ ಪರ್ವತ. ಕಾಡಿನ ಅಂಚಿನ ವಸತಿಗೆ ಹೋಗುವ ದಾರಿಯುದ್ದಕ್ಕೂ ಕೃಷಿ ವಿಜ್ಞಾನಿಯಾದ ನನ್ನ ಕಣ್ಣಿಗೆ ಬಿದ್ದದ್ದು ಹಕ್ಕಿಗಳಲ್ಲ, ಅನಾನಸ್. ದಿಗಂತದವರೆಗೆ ಗೆರೆ ಎಳೆದಂತೆ ನೆಟ್ಟ ಅನಾನಸ್. ಅದು ಮುಗಿದಲ್ಲಿ ಇಳಿಜಾರಿನಲ್ಲಿ ಮೆಕ್ಕೆಜೋಳ, ಅದಕ್ಕೂ ಮೇಲೆ ಎಲೆಕೋಸು. ಕೋಸಿನ ಕೊನೆಯ ಸಾಲು ಮುಗಿದ ಮರುಹೆಜ್ಜೆಗೇ ಮಳೆಕಾಡು. ಬನವಾಸಿ, ಸೊರಬದ ಕಡೆ ಅನಾನಸ್ ತೋಟಗಳ ನಡುವೆ ಓಡಾಡಿದವರಿಗೆ ಆ ನೋಟ ಹೊಸದಲ್ಲ. ಇಳಿಜಾರಿನ ಕೆಂಪುಮಣ್ಣು ಮಳೆಗೆ ಕೊಚ್ಚಿಹೋಗುವ ಬಗೆಯೂ ಹೊಸದಲ್ಲ. ಹದ್ದು ಗೂಡು ಕಟ್ಟುವುದು ಅಲ್ಲಿನ ಲವಾನ್ ಎಂಬ ಹೆಮ್ಮರಗಳಲ್ಲಿ. ನಮ್ಮ ಧೂಪದ ಮರದ ಕುಟುಂಬಕ್ಕೇ ಸೇರಿದ ಮರ ಅದು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಆ ಮರಗಳನ್ನು ಕಡಿದು ಹಡಗುಗಳಲ್ಲಿ ಮುಖ್ಯವಾಗಿ ಜಪಾನಿಗೆ ಸಾಗಿಸಿದರು. ನಾಟಾ ಹೊತ್ತ ಲಾರಿಗಳು ಇಳಿದುಬಂದ ದಾರಿಯಲ್ಲೇ ಮುಂದೆ ಬೇಸಾಯ ಮೇಲೇರಿತು. ಧೂಪದ ಮರಗಳು ಪ್ಲೈವುಡ್ ಕಾರ್ಖಾನೆಗೆ ಹೋದ ಕಾಲವನ್ನು ಕಂಡ ಹಿರಿಯರು ನಮ್ಮಲ್ಲೂ ಇದ್ದಾರೆ. ಅವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಕಾಡಿಗೆ ನೇರವಾಗಿ ನುಗ್ಗುವಂತಿರಲಿಲ್ಲ. ಕಿಟಂಗ್ಲಾಡ್ ತಲಾಂಡಿಗ್, ಹಿಗಾವ್ನೊನ್, ಬುಕಿಡ್ನಾನ್ ಬುಡಕಟ್ಟುಗಳ ಪೂರ್ವಿಕರ ನೆಲ. 2000ದಲ್ಲಿ ಅದನ್ನು ಸಂರಕ್ಷಿತ ಪ್ರದೇಶವೆಂದು ಕಾನೂನು ಮಾಡಿದ ಮೇಲೂ ಹಿರಿಯರ ಅನುಮತಿಯ ಪದ್ಧತಿ ಉಳಿದುಬಂದಿದೆ. ನಾವು ತೆತ್ತ ಹಣದಲ್ಲಿ ಕೋಳಿಗಳನ್ನು ತಂದು, ಹಿರಿಯರು ಬೆಟ್ಟದ ದೈವಗಳಿಗೆ ನಮ್ಮ ಬರವನ್ನು ಅರಿಕೆ ಮಾಡಿ, ಬಲಿ ಕೊಟ್ಟು, ಆ ಮಾಂಸವನ್ನೇ ಬೇಯಿಸಿ ಎಲ್ಲರಿಗೂ ಬಡಿಸಿದರು. ತಂಡದ ಯುರೋಪಿನವರಿಗೆ ಇದು ಛಾಯಾಚಿತ್ರಕ್ಕೆ ತಕ್ಕ ವಿಚಿತ್ರ. ನನಗೆ ಊರಿನ ಚೌಡಿಬನ ನೆನಪಾಯಿತು. ಕಾನಿಗೆ ಕಾಲಿಡುವ ಮೊದಲು ಕಾಯಿ ಒಡೆಯುತ್ತಿದ್ದ ನನ್ನ ಅಜ್ಜ ನೆನಪಾದ. ಪ್ರಾಣಿಬಲಿಯ ಕುರಿತು ಓದುಗರಿಗೆ ಭಿನ್ನಾಭಿಪ್ರಾಯ ಇರಬಹುದು, ಅದು ಬೇರೆ ಚರ್ಚೆ. ಆ ವಿಧಿ ನನಗೆ ತೋರಿದ ವಿಷಯ ಇಷ್ಟು: ಹಣ ಕೊಟ್ಟವನು ಯಾವ ದೇಶದವನಾದರೂ ಬಾಗಿಲಲ್ಲಿ ನಿಂತು ಕೇಳಿಯೇ ಒಳಗೆ ಹೋಗಬೇಕು. ಬಾಗಿಲು ಊರಿನದು.

ಬೆಳಗಿನ ಜಾವ ಏರಿ, ಕಣಿವೆಯೊಂದರ ಈಚೆಯ ದಿಬ್ಬದಲ್ಲಿ ಕುಳಿತೆವು. ನೋಡಬೇಕಾದದ್ದು ಆಚೆಯ ದಿಬ್ಬವನ್ನು. ಗೂಡಿನ ಬುಡಕ್ಕೆ ಕರೆದೊಯ್ಯುವ ಮಾತನ್ನು ಯಾರೂ ಆಡಲಿಲ್ಲ. ಮೊದಲ ದಿನ ಮಂಜು, ಬಳಿಕ ಮಳೆ, ಬಳಿಕ ಜಿಗಣೆ. ಎರಡನೆಯ ದಿನ ಬಿಸಿಲೇರಿ ಗಾಳಿ ಮೇಲಕ್ಕೆ ಹೊರಳತೊಡಗಿದ ಹೊತ್ತಿಗೆ ನಮ್ಮ ಜೊತೆಗಿದ್ದ ಊರಿನವನು ಸುಮ್ಮನೆ ಕೈ ಎತ್ತಿದ. ಬರಿಗಣ್ಣಿಗೆ ಅದೊಂದು ಬಿಳಿಯ ಚುಕ್ಕೆ. ದೂರದರ್ಶಕದಲ್ಲಿ ಹೊಟ್ಟೆಯ ಬಿಳುಪು, ಬೆನ್ನಿನ ಕಂದು, ಉದ್ದನೆಯ ಬಾಲ ಕಂಡವು. ಮೂರೋ ನಾಲ್ಕೋ ಸುತ್ತು ಹೊಡೆದು ಕಾಡಿನ ಮಡಿಲಿಗೆ ಇಳಿದುಹೋಯಿತು. ಅಷ್ಟೇ. ಅಷ್ಟಕ್ಕೆ ಜನ ಭೂಮಿಯ ಆಚೆ ತುದಿಯಿಂದ ಬಂದಿದ್ದರು. ನಿಜ ಹೇಳಬೇಕೆಂದರೆ ನನ್ನ ಗಂಟಲೂ ಕಟ್ಟಿತ್ತು.

ಇಳಿಯುವಾಗ ಆ ಊರಿನವನನ್ನು ಅವನ ಸಂಪಾದನೆಯ ಬಗ್ಗೆ ಕೇಳಿದೆ. ಅವನಿಗೆ ದಿನಗೂಲಿ, ಸಾಮಾನು ಹೊತ್ತ ಕುದುರೆಗೆ ಬಾಡಿಗೆ. ವರ್ಷದಲ್ಲಿ ಇಂತಹ ದಿನಗಳೆಷ್ಟು ಎಂದೆ. ಬೆರಳು ಮಡಚಿ ಎಣಿಸುತ್ತ ಹೋದ. ಎರಡು ಕೈಯ ಬೆರಳುಗಳು ಮುಗಿಯುವ ಮೊದಲೇ ನಿಲ್ಲಿಸಿದ. ಉಳಿದ ದಿನಗಳಿಗೆ ಕೋಸು ಮತ್ತು ಜೋಳ. ನಾನು ಪ್ರವಾಸಕ್ಕೆ ತೆತ್ತ ಹಣವನ್ನು ಅವನ ದಿನಗೂಲಿಯಿಂದ ಭಾಗಿಸಿ ನೋಡಿ ಸುಮ್ಮನಾದೆ. ಮರುವರ್ಷ ಏನಾಯಿತೆಂದು ಎಲ್ಲರಿಗೂ ಗೊತ್ತು. 2020ರ ಮಾರ್ಚ್‌ನಿಂದ 2022ರ ಫೆಬ್ರವರಿಯವರೆಗೆ ಆ ದೇಶ ವಿದೇಶಿ ಪ್ರವಾಸಿಗರಿಗೆ ಬಾಗಿಲು ಮುಚ್ಚಿತ್ತು. ಹದ್ದು ಆ ಎರಡು ವರ್ಷವೂ ಕಾಡಿನಲ್ಲಿಯೇ ಇತ್ತು, ಊರಿನವನೂ ಕಾಡಿನ ಅಂಚಿನಲ್ಲಿಯೇ ಇದ್ದ.

ಕೂಲಿಯ ಲೆಕ್ಕ ಏಕೆಂದರೆ, ಈ ಹಕ್ಕಿಯ ಬಾಳು ಆ ಊರಿನವನ ಕೈಯಲ್ಲಿದೆ. ಒಂದು ಜೋಡಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಎರಡು ತಿಂಗಳು ಕಾವು, ಮರಿ ಗೂಡು ಬಿಡಲು ನಾಲ್ಕೈದು ತಿಂಗಳು. ಆಮೇಲೂ ಒಂದು ವರ್ಷಕ್ಕೂ ಹೆಚ್ಚು ಕಾಲ ತಾಯ್ತಂದೆಯರೇ ಉಣಿಸಬೇಕು. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಎರಡು ವರ್ಷಕ್ಕೆ ಒಂದು ಕಾಳು ಬೆಳೆಯುವ ಗದ್ದೆ ಇದು. ಒಂದು ಕಾಳು ಕಳೆದರೂ ಬೀಜಕ್ಕೆ ಉಳಿಯುವುದಿಲ್ಲ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಇಡೀ ಜಗತ್ತಿನಲ್ಲಿ ಉಳಿದಿರುವುದು ಸುಮಾರು 392 ಜೋಡಿಗಳು. 2008ರಲ್ಲಿ ಇದೇ ಕಿಟಂಗ್ಲಾಡ್‌ನಲ್ಲಿ, ಶುಶ್ರೂಷೆ ಮಾಡಿ ಕಾಡಿಗೆ ಬಿಟ್ಟಿದ್ದ ಎಳೆಯ ಹದ್ದೊಂದನ್ನು ಒಬ್ಬ ಬಡ ರೈತ ಗುಂಡಿಕ್ಕಿ ಕೊಂದು, ಬೇಯಿಸಿ ತಿಂದ. ನ್ಯಾಯಾಲಯ ಅವನಿಗೆ ಒಂದು ಲಕ್ಷ ಪೆಸೊ ದಂಡ ವಿಧಿಸಿತು. ಶಿಕ್ಷೆ ನ್ಯಾಯವೇ ಇರಬಹುದು. ಆದರೆ ರಾಷ್ಟ್ರಪಕ್ಷಿಯ ಹೆಸರಿನಲ್ಲಿ ನಡೆಯುವ ವ್ಯವಹಾರದಲ್ಲಿ ಪಾಲಿಲ್ಲದ ಮನುಷ್ಯನೊಬ್ಬನಿಗೆ ಅದು ಬರಿಯ ಮಾಂಸವಾಗಿ ಕಂಡಿತೆಂಬುದನ್ನು ದಂಡ ತಿದ್ದಲಾರದು. ದಾವಾವೊ ನಗರದಲ್ಲಿ 1987ರಿಂದ ಕೆಲಸ ಮಾಡುತ್ತಿರುವ ಫಿಲಿಪ್ಪೀನ್ ಹದ್ದು ಪ್ರತಿಷ್ಠಾನ ಕಾಡಿನ ಅಂಚಿನ ಬುಡಕಟ್ಟು ಜನರನ್ನೇ ಕಾವಲಿಗೆ ನಿಲ್ಲಿಸಿ ಸಂಭಾವನೆ ಕೊಡುವ ದಾರಿ ಹಿಡಿದಿದೆ. ಅಂತಹ ಹಣ ಪ್ರವಾಸಿ ಬಂದರೂ ಬರದಿದ್ದರೂ ಬರಬೇಕಾದದ್ದು.

ಇನ್ನು ನಮ್ಮ ಗುಡ್ಡಗಳ ವಿಷಯ. ಫಿಲಿಪ್ಪೀನ್ ಹದ್ದಿನಷ್ಟು ಭಾರಿಯಾದದ್ದು ನಮ್ಮಲ್ಲಿಲ್ಲ. ಆದರೂ ಪಶ್ಚಿಮ ಘಟ್ಟದ ಹಸುರಿನ ಮೇಲೆ ರೆಕ್ಕೆಯ ತುದಿಯನ್ನು ಬೆರಳಿನಂತೆ ಬಿಚ್ಚಿ, ಅವಸರವಿಲ್ಲದೆ ತೇಲುತ್ತ, ಅನ್ಯ ಹಕ್ಕಿಗಳ ಮೊಟ್ಟೆ-ಮರಿಗಳನ್ನು ಗೂಡಿನಿಂದ ಎತ್ತುವ ಕಪ್ಪು ಹದ್ದು ಇದೆ. ಕೆಂಪು ಹೊಟ್ಟೆಯ ಹದ್ದು, ಬೆಟ್ಟದ ಜುಟ್ಟಿನ ಹದ್ದು, ಹಾವು ಹಿಡಿಯುವ ಪನ್ನಗಾರಿಗಳೂ ಇವೆ. ಇವೂ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವಂಥವು. ಗೂಡಿನ ಕಾಲ ಹೆಚ್ಚಾಗಿ ಮಾರ್ಗಶಿರದಿಂದ ಚೈತ್ರದವರೆಗೆ. ನಗರದವರಿಗೆ ರಜೆ ಸಿಗುವುದೂ, ಕಾಡಿನ ದಾರಿಗಳು ಒಣಗುವುದೂ ಆಗಲೇ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಮೂರು ವರ್ಷಗಳ ಹಿಂದೆ ಪಕ್ಕದ ಹಳ್ಳಿಯ ಸೊಪ್ಪಿನ ಬೆಟ್ಟದ ಮೇಲಂಚಿನಲ್ಲಿ ಜುಟ್ಟಿನ ಹದ್ದಿನ ಗೂಡನ್ನು ಕಂಡು, ನಗರದ ಒಂದು ಉಪನ್ಯಾಸದಲ್ಲಿ ಅದರ ಚಿತ್ರ ತೋರಿಸಿದೆ. ಸಂತೋಷದ ಭರದಲ್ಲಿ ಊರಿನ ಹೆಸರನ್ನೂ ಹೇಳಿಬಿಟ್ಟೆ. ಎರಡು ವಾರಗಳಲ್ಲಿ ಕ್ಯಾಮೆರಾ ಹೊತ್ತವರು ಬರತೊಡಗಿದರು. ಗೂಡು ಸ್ಪಷ್ಟವಾಗಿ ಕಾಣಲೆಂದು ಎದುರಿನ ಮರದ ಟೊಂಗೆಗಳನ್ನು ಯಾರೋ ಸವರಿಸಿದ್ದರು. ನೆರಳಿದ್ದ ಗೂಡಿಗೆ ನಡುಮಧ್ಯಾಹ್ನದ ಬಿಸಿಲು ಬಿತ್ತು. ಮಾಘ ಮಾಸದಲ್ಲಿ ನಾನು ಹೋದಾಗ ಗೂಡು ಬರಿದಾಗಿತ್ತು. ಆ ಬೆಟ್ಟದಲ್ಲಿ ನಲವತ್ತು ವರ್ಷಗಳಿಂದ ದರಕು ಗುಡಿಸಿ ತರುವ ಅಜ್ಜಿಯೊಬ್ಬರು, “ಈಗ ಬರೂದಿಲ್ಲ ಮಾರಾಯ್ರೆ ಅದು” ಎಂದರು. ಅವರಿಗೆ ಆ ಗೂಡಿನ ವಿಷಯ ನನಗಿಂತ ಎಷ್ಟೋ ವರ್ಷ ಮೊದಲೇ ಗೊತ್ತಿತ್ತು. ಆ ಮರದ ಸೊಪ್ಪನ್ನು ಕಡಿಯದೆ ಬಿಟ್ಟವರೂ ಅವರ ಮನೆಯವರೇ. ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಈ ಲೇಖನದಲ್ಲಿ ಯಾವ ಹಳ್ಳಿಯ ಹೆಸರೂ ಇಲ್ಲದಿರುವುದರ ಕಾರಣ ಓದುಗರಿಗೆ ಈಗ ತಿಳಿದಿರಬೇಕು.

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972, ಹಕ್ಕಿಯ ಗೂಡಿಗೆ ಅಥವಾ ಮೊಟ್ಟೆಗೆ ತೊಂದರೆ ಮಾಡುವುದನ್ನು ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಕೋವಿ ಹಿಡಿದವನಷ್ಟೇ ಬೇಟೆಗಾರನಲ್ಲ. ಹಾಗೆಂದು ಪಕ್ಷಿಪ್ರವಾಸವನ್ನೇ ಬಹಿಷ್ಕರಿಸಬೇಕೆಂದು ನಮ್ಮ ಬಳಗ ಹೇಳುವುದಿಲ್ಲ. ಕಾನಿನ ಹಕ್ಕಿಯಿಂದ ಊರಿನ ಹುಡುಗರಿಗೆ ನಾಲ್ಕು ಕಾಸು ಬರುವುದಾದರೆ ಅದು ಅಕೇಶಿಯಾ ನೆಡುತೋಪಿಗಿಂತ ಒಳ್ಳೆಯದು. ಆದರೆ ಹದ್ದು ಉಳಿಯಲು ಮರ ಒಂದು ಸಾಲದು. ಅಮೆಜಾನಿನ ದಕ್ಷಿಣದ ಅಂಚಿನಲ್ಲಿ ಹಾರ್ಪಿ ಹದ್ದಿನ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರ್ಧಕ್ಕಿಂತ ಹೆಚ್ಚು ಕಾಡು ಕಳೆದುಕೊಂಡ ಪ್ರದೇಶಗಳಲ್ಲಿ ಮರಿಗಳಿಗೆ ಸಾಕಷ್ಟು ಆಹಾರ ಒದಗುತ್ತಿರಲಿಲ್ಲ. ನೂರಕ್ಕೆ 70ಕ್ಕೂ ಮಿಕ್ಕಿ ಕಳೆದುಕೊಂಡ ಕಡೆ ಗೂಡುಗಳೇ ಸಿಗಲಿಲ್ಲ. ಗೂಡಿನ ಮರವನ್ನು ತೋರಿಸಿ ದುಡಿಯುವ ಸಂಸ್ಥೆಗೆ ಸುತ್ತಲಿನ ಕಾನು, ಬೆಟ್ಟ, ಹಳ್ಳದಂಚುಗಳ ಹೊಣೆ ಇರುವುದಿಲ್ಲ. ಈ ವರ್ಷ ಇಲ್ಲಿ ಹದ್ದು ಕಾಣದಿದ್ದರೆ ಮುಂದಿನ ವರ್ಷ ಕರಪತ್ರದಲ್ಲಿ ಬೇರೆ ಊರಿನ ಹೆಸರು. ಹೊಣೆ ಇರುವುದು ದರಕು ತರುವವರಿಗೆ, ಸೊಪ್ಪು ಕಡಿಯುವವರಿಗೆ, ಬೇಸಿಗೆಯಲ್ಲಿ ಬೆಂಕಿ ಆರಿಸಲು ಓಡುವವರಿಗೆ. ಆದ್ದರಿಂದ ಬಾಗಿಲ ಬೀಗವೂ ಅವರ ಕೈಯಲ್ಲೇ ಇರತಕ್ಕದ್ದು.

ಹುಡುಗರಿಗೆ ನಾನು ಹೇಳಿದ್ದು ಇಷ್ಟು. ಗೂಡನ್ನು ತೋರಿಸಬೇಡಿ, ಹದ್ದನ್ನು ತೋರಿಸಿ. ನಿಮ್ಮೂರಿನ ಎದುರು ಗುಡ್ಡದ ಬೋಳು ನೆತ್ತಿಯಿಂದ ಇಡೀ ಕಾನು ಕಾಣುತ್ತದೆ. ಬಿಸಿಲೇರಿದ ಮೇಲೆ ಅಲ್ಲಿ ಕುಳಿತರೆ ಕಪ್ಪು ಹದ್ದು ಕಾಣದ ದಿನ ಅಪರೂಪ. ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ ಎಂದು ಮೊದಲೇ ತಿಳಿಸಿ; ಕಿಟಂಗ್ಲಾಡ್‌ಗೆ ಬರುವವರು ಆ ಷರತ್ತಿಗೆ ಒಪ್ಪಿಯೇ ಬರುತ್ತಾರೆ. ಕೂಲಿಯನ್ನು ಇಬ್ಬರೇ ಮಾತಾಡಿಕೊಳ್ಳಬೇಡಿ, ಊರು ಮಾತಾಡಲಿ. ಜೀವವೈವಿಧ್ಯ ಕಾಯ್ದೆ 2002ರಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಹೆಚ್ಚಿನ ಕಡೆ ಅದು ಕಡತದೊಳಗೆ ನಿದ್ರಿಸುತ್ತಿದೆ. ಎಬ್ಬಿಸಲು ಇದಕ್ಕಿಂತ ಒಳ್ಳೆಯ ನೆಪ ಸಿಗದು. ಬರುವವರ ಸಂಖ್ಯೆ ಎಷ್ಟು, ಯಾವ ತಿಂಗಳು ಕಾನಿಗೆ ಪ್ರವೇಶವಿಲ್ಲ, ಪ್ರತಿ ತಂಡದಿಂದ ಊರಿಗೆ ಎಷ್ಟು, ಆ ಹಣದಲ್ಲಿ ಬೆಂಕಿಗೆರೆ ಮೊದಲೋ ಹುಡುಗರ ಶುಲ್ಕ ಮೊದಲೋ ಎಂಬುದನ್ನು ಸಮಿತಿ, ಗ್ರಾಮಸಭೆಗಳು ತೀರ್ಮಾನಿಸಲಿ. ಗೂಡುಗಳ ಜಾಗ ಊರಿನ ದಾಖಲೆಯಲ್ಲಿ ಇರಲಿ, ಹೊರಗೆ ಹೋಗದಿರಲಿ.

ಹುಡುಗರು ಕರಪತ್ರವನ್ನು ನಮ್ಮ ಮೇಜಿನ ಮೇಲೆಯೇ ಬಿಟ್ಟು ಹೋಗಿದ್ದಾರೆ. ಪ್ರವಾಸ ಸಂಸ್ಥೆಯವರಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಅವರ ಊರಿನ ಗ್ರಾಮಸಭೆ ದೀಪಾವಳಿ ಕಳೆದ ಮರುವಾರ. ಬಳಗದಿಂದ ನಾನೂ ಇನ್ನಿಬ್ಬರೂ ಹೋಗುವವರಿದ್ದೇವೆ, ಮಾತಾಡುವುದಕ್ಕಿಂತ ಕೇಳಿಸಿಕೊಳ್ಳಲು. ದರಕಿಗೆ ಹೋಗುವ ಹೆಂಗಸರು ಅಂದು ಬೆಟ್ಟಕ್ಕೆ ರಜೆ ಮಾಡಿ ಸಭೆಗೆ ಬರಬೇಕೆಂದು ಅಜ್ಜಿಯ ಮೂಲಕ ಹೇಳಿ ಕಳುಹಿಸಿದ್ದೇವೆ.