ಬಟ್ಟೆಯ ಚಾರ್ಲಿ ಮತ್ತು ಮಗುವಿನ ಮನಸ್ಸು

ಚಲನಚಿತ್ರ ನೋಡಿ ಬಂದ ಮಗು ಊಟವನ್ನೂ ಮಾಡದೆ ಮುಸುಕೆಳೆದು ಮಲಗಿದರೆ ಹಿರಿಯರು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಆಡುತ್ತಾರೆ. ‘ಅದು ಬರೀ ಸಿನಿಮಾ, ಅಳಬೇಡ’ ಎಂಬುದು ಒಂದು. ‘ನಿನಗೂ ಒಂದು ನಾಯಿಮರಿ ಕೊಡಿಸೋಣ’ ಎಂಬುದು ಇನ್ನೊಂದು. ಎರಡೂ ಪ್ರೀತಿಯಿಂದ ಬಂದ ಮಾತುಗಳೇ. ಆದರೆ ಎರಡರಲ್ಲಿಯೂ ಮಗುವಿನ ದುಃಖವನ್ನು ಕೇಳಿಸಿಕೊಳ್ಳುವ ತಾಳ್ಮೆಯಿಲ್ಲ. ಮೂರನೆಯ ಮಾರ್ಗವೊಂದುಂಟು: ಆ ಚಿತ್ರದ ಪ್ರಾಣಿಯನ್ನು ಮಗುವಿನೊಡನೆ ಕುಳಿತು ಮನೆಯಲ್ಲಿಯೇ ಹೊಲಿಯುವುದು.

2022ರ ಜೂನ್ 10ರಂದು ತೆರೆಕಂಡ ‘777 ಚಾರ್ಲಿ’ ಇದಕ್ಕೆ ತಕ್ಕ ನಿದರ್ಶನ. ಕಿರಣ್‌ರಾಜ್ ಕೆ. ನಿರ್ದೇಶಿಸಿ ರಕ್ಷಿತ್ ಶೆಟ್ಟಿ ನಟಿಸಿದ ಈ ಚಿತ್ರ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಗೆ ಪಾತ್ರವಾಯಿತು. ತೆಲುಗಿನಲ್ಲಿಯೂ ಬಂದುದರಿಂದ, ಕನ್ನಡದ ಮನೆಯ ಮಗುವಿಗೆ ಪಕ್ಕದ ಮನೆಯ ತೆಲುಗು ಗೆಳೆಯನೊಡನೆ ಹಂಚಿಕೊಳ್ಳಲು ಒಂದು ಕಥೆ ದೊರೆಯಿತು. ಒಂಟಿಯಾಗಿ ಬಾಳುವ ಧರ್ಮನ ಬದುಕಿಗೆ ನಾಯಿಯೊಂದು ಬಂದು, ಕಾಯಿಲೆಗೆ ತುತ್ತಾಗಿ, ಕೊನೆಗೆ ಅವನನ್ನು ಅಗಲುವ ಕಥೆಯದು. ಅದನ್ನು ಕಂಡು ಅಳುವ ಮಗು ದುರ್ಬಲ ಮಗುವಲ್ಲ, ಪ್ರೀತಿಸಬಲ್ಲ ಮಗು.

ನಾಯಿಮರಿಯ ಮಾತು ಹಾಗಿರಲಿ. ಹಿಮಾಯತ್‌ನಗರದ ಮಹಡಿಮನೆಯೊಂದನ್ನು ನೆನೆದುಕೊಳ್ಳಬಹುದು. ಎರಡು ಕೋಣೆ, ಬಾಲ್ಕನಿಯ ಅಂಗೈಯಗಲ ಬಿಸಿಲು, ಕೆಳಗೆ ಬಿಡುವಿಲ್ಲದ ವಾಹನಸಂಚಾರ, ಕೆಲಸಕ್ಕೆ ಹೋಗುವ ತಂದೆತಾಯಿ. ಹತ್ತು ಹನ್ನೆರಡು ವರ್ಷ ಬಾಳುವ ಲ್ಯಾಬ್ರಡಾರ್ ನಾಯಿಯನ್ನು ಒಂದು ಸಂಜೆಯ ಕಣ್ಣೀರನ್ನು ಒರೆಸಲೆಂದು ಅಲ್ಲಿಗೆ ತರುವುದು ಮಗುವಿಗೂ ನ್ಯಾಯವಲ್ಲ, ನಾಯಿಗೂ ನ್ಯಾಯವಲ್ಲ. ಮಾರಾಟಕ್ಕಾಗಿಯೇ ಮರಿ ಹಾಕಿಸುವವರ ಕ್ರೌರ್ಯವನ್ನು ಆ ಚಿತ್ರವೇ ತೋರಿಸಿದೆಯಲ್ಲವೇ?

ಬಟ್ಟೆಯ ಪ್ರಾಣಿಯನ್ನು ಕೀಳಾಗಿ ಕಾಣಬೇಕಾಗಿಲ್ಲ. ಜರ್ಮನಿಯ ಮಾರ್ಗರೆಟೆ ಸ್ಟೈಫ್ ಎಳೆಯ ವಯಸ್ಸಿನಲ್ಲಿಯೇ ಪೋಲಿಯೋಗೆ ತುತ್ತಾಗಿ ಗಾಲಿಕುರ್ಚಿಯನ್ನು ಆಶ್ರಯಿಸಿದ್ದ ಮಹಿಳೆ. ಸೂಜಿ ಚುಚ್ಚಿಡಲೆಂದು ಆಕೆ ಹೊಲಿದ ಪುಟ್ಟ ಆನೆಯನ್ನು ಮಕ್ಕಳು ಆಟಕ್ಕೆ ಎತ್ತಿಕೊಂಡರು. 1880ರಲ್ಲಿ ಆರಂಭವಾದ ಆ ಉದ್ಯಮ ಜಗತ್ಪ್ರಸಿದ್ಧವಾಯಿತು. ಮಗು ಇಂಥ ಮೆತ್ತನೆಯ ವಸ್ತುವನ್ನು ಅಪ್ಪಿಕೊಂಡೇ ತಾಯಿಯಿಂದ ತುಸು ದೂರವಿರಲು ಕಲಿಯುತ್ತದೆಂದು ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ ವಿವರಿಸಿದರು.

ಕಲಬುರಗಿ, ಬೀದರ, ರಾಯಚೂರು ಕಡೆಯಿಂದ ಬಂದ ಮನೆಗಳಿಗೆ ಈ ಕೆಲಸ ಹೊಸದೂ ಅಲ್ಲ. ಹಳೆಯ ಸೀರೆ, ಪಂಚೆಗಳನ್ನು ಸೇರಿಸಿ ಕೌದಿ ಹೊಲಿದ ಅಜ್ಜಿಯ ಕೈಗೆ ಒಂದು ನಾಯಿ ಯಾವ ಲೆಕ್ಕ? ಕೆನೆಬಣ್ಣದ ಹತ್ತಿಬಟ್ಟೆಯನ್ನು ಮೊದಲು ಒಗೆದು ಒಣಗಿಸಬೇಕು. ಕಾಗದದ ಮೇಲೆ ಆಕಾರ ಬರೆದು, ಅದರಂತೆ ಎರಡು ಪದರ ಕತ್ತರಿಸಿ, ಒಳಮಗ್ಗುಲು ಹೊರಗಿರುವಂತೆ ಒತ್ತಾಗಿ ಹೊಲಿದು, ಹೊಟ್ಟೆಯ ಬಳಿ ಬಿಟ್ಟ ಸಂದಿಯಿಂದ ಮಗುಚಿ, ಹತ್ತಿ ತುಂಬಿ, ಸಂದಿಯನ್ನು ಮುಚ್ಚಬೇಕು. ಜೋಲುಕಿವಿಗಳನ್ನು ಬೇರೆಯಾಗಿ ಹೊಲಿದು ಜೋಡಿಸಬೇಕು. ಸೂಜಿ ಕತ್ತರಿಗಳು ಹಿರಿಯರ ಕೈಯಲ್ಲಿರಲಿ. ಹತ್ತಿ ತುಂಬುವ ಕೆಲಸ ಮಗುವಿನದಾಗಲಿ.

2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಸಾಮಾನ್ಯವಾಗಿ ಐ.ಎಸ್.ಐ. ಮುದ್ರೆ ಕಡ್ಡಾಯ. ಮನೆಯಲ್ಲಿ ಹೊಲಿದುದಕ್ಕೆ ಮನೆಯವರೇ ಪರೀಕ್ಷಕರು. ಮೂರು ವರ್ಷದೊಳಗಿನ ಮಕ್ಕಳಿರುವಲ್ಲಿ ಗುಂಡಿ, ಮಣಿಗಳ ಕಣ್ಣು ಸರ್ವಥಾ ಬೇಡ. ಕಿತ್ತುಬಂದರೆ ಗಂಟಲಲ್ಲಿ ಸಿಕ್ಕಿ ಪ್ರಾಣಾಪಾಯವಾದೀತು. ಕಪ್ಪು ದಾರದಿಂದ ಕಸೂತಿ ಹಾಕಿದ ಕಣ್ಣು ಸಾಕು. ಒಂದು ವರ್ಷ ತುಂಬದ ಕೂಸು ಮಲಗುವ ಜಾಗದಲ್ಲಿ ಯಾವ ಮೆತ್ತನೆಯ ಬೊಂಬೆಯನ್ನೂ ಇಡಬಾರದು, ಉಸಿರುಕಟ್ಟುವ ಭಯವುಂಟು. ದೂಳಿನ ಹುಳಗಳು ಉಬ್ಬಸ ಕೆರಳಿಸುವುದರಿಂದ ಬೊಂಬೆಯನ್ನು ಆಗಾಗ ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಪೂರ್ಣವಾಗಿ ಒಣಗಿಸಬೇಕು.

ಆದರೆ ಹೊಲಿಗೆಗಿಂತ ಮುಖ್ಯವಾದುದು ಹೊಲಿಯುವಾಗಿನ ಮಾತು. ಕೈಗೆ ಕೆಲಸವಿದ್ದಾಗ ಮಗುವಿನ ಬಾಯಿ ತಾನಾಗಿಯೇ ತೆರೆಯುತ್ತದೆ. ‘ಚಾರ್ಲಿ ಏಕೆ ಸತ್ತಿತು? ಮತ್ತೆ ಬರುವುದಿಲ್ಲವೇ? ಅಜ್ಜಿಯೂ ಸಾಯುತ್ತಾಳೆಯೇ?’ ಎಂದು ಕೇಳಬಹುದು. ಸತ್ತವರು ಮರಳುವುದಿಲ್ಲವೆಂಬ ತಿಳಿವಳಿಕೆ ಬಹುಮಟ್ಟಿಗೆ ಐದರಿಂದ ಏಳರ ವಯಸ್ಸಿನಲ್ಲಿ ಮೂಡುತ್ತದೆ. ‘ನಿದ್ದೆ ಮಾಡುತ್ತಿದೆ’ ಎಂದು ಮರೆಸಿದರೆ ಮಗು ನಿದ್ದೆಗೇ ಹೆದರೀತು. ‘ಕಾಯಿಲೆ ದೊಡ್ಡದಾಗಿತ್ತು, ದೇಹ ಕೆಲಸ ನಿಲ್ಲಿಸಿತು, ಅದು ಮರಳಿ ಬಾರದು; ನಾವು ಅದನ್ನು ನೆನೆಯಬಹುದು’ ಎಂದು ನೇರವಾಗಿ ಹೇಳುವುದೇ ಲೇಸು. ವಾರಗಳು ಕಳೆದರೂ ಊಟ, ನಿದ್ದೆ, ಆಟ ಸರಿಹೋಗದಿದ್ದರೆ ವೈದ್ಯರ ಸಲಹೆ ಪಡೆಯಲು ಹಿಂಜರಿಯಬಾರದು.

ಹುಟ್ಟೂರಿನಿಂದ ದೂರವಿರುವ ಸಂಸಾರಗಳಲ್ಲಿ ಅಜ್ಜ ಅಜ್ಜಿಯರ ಮರಣವಾರ್ತೆ ಮಗುವಿಗೆ ದೂರವಾಣಿಯ ಆಚೆಯಿಂದಲೇ ಬರುವುದುಂಟು. ಆ ದಿನಕ್ಕೆ ಬೇಕಾದ ಮಾತುಗಳನ್ನು ಮಗು ಮುಂಚಿತವಾಗಿ, ತಾಯಿಯ ಮಗ್ಗುಲಲ್ಲಿ, ತಾಯ್ನುಡಿಯಲ್ಲಿ ಕಲಿತಿರುವುದು ಎಷ್ಟೋ ಮೇಲು. ಒಂದು ಕಿವಿ ದೊಡ್ಡದು, ಒಂದು ಕಿವಿ ಚಿಕ್ಕದಾದ ಬಟ್ಟೆಯ ಚಾರ್ಲಿ ಆ ಪಾಠಕ್ಕೆ ಸಾಕು.